ಹೆಣ್ಣು ಸಾಲು ಕಾಯುವ ಮೈನಾಬಿ

ಮೈನಾಬಿ ಜೋಳದ ತೆನೆಯನ್ನು ಬಗ್ಗಿಸಿ ಸೆರಗಿನ ಮರೆಗೆ ತರುತ್ತಾಳೆ, ಅಂಗೈ ಮೇಲೆ ಒಮ್ಮೆ ಮೆಲ್ಲಗೆ ತಟ್ಟುತ್ತಾಳೆ. ಅಂಗೈಯಲ್ಲಿ ಪರಾಗದ ಹಳದಿ ಹುಡಿ. ಸೆರಗನ್ನು ತೆನೆಗೆ ಸುತ್ತಿ, ಬುಡಕ್ಕೆ ಕಾಲು ಕೊಟ್ಟು, ಇಡೀ ಗಿಡವನ್ನು ಬೇರುಸಹಿತ ಕಿತ್ತುಬಿಡುತ್ತಾಳೆ. ಬದುವಿಗೆ ಒಯ್ದು ತೆನೆ ಕೆಳಗಾಗುವಂತೆ ಗೋಣಿಚೀಲಕ್ಕೆ ತುರುಕಿ, ಕೈ ಒರೆಸಿಕೊಂಡು ಮತ್ತೆ ಸಾಲಿಗೆ ಇಳಿಯುತ್ತಾಳೆ. ಮೂಡಲು ಈಗಷ್ಟೇ ಬೆಳ್ಳಗಾಗುತ್ತಿದೆ. ಬಿಸಿಲೇರಿದರೆ ಹುಡಿ ಹಾರುತ್ತದೆ. ಹಾರಿದ ಮೇಲೆ ಕಿತ್ತು ಫಲವಿಲ್ಲ.

"ಚಲೋ ಗಿಡಾನ ಕಿತ್ತಿಯಲ್ಲ ಮೈನಕ್ಕಾ," ಎನ್ನುತ್ತಾನೆ ಬದುವಿನ ಮೇಲೆ ನಿಂತ ಹೊಲದ ಒಡೆಯ ಶಿದ್ಲಿಂಗಪ್ಪ. "ಎಷ್ಟ ಎತ್ತರ ಬೆಳದಿತ್ತ ನೋಡು."

"ಎತ್ತರ ಬೆಳದದ್ದಕ್ಕ ಸಿಕ್ಕಿ ಬಿತ್ರಿ. ಹೆಣ್ಣಮಕ್ಕಳ ಸಾಲಿನ್ಯಾಗ ಮೀಸಿ ತಿರುವಿಕೋತ ನಿಂತ್ರ ಯಾರರ ಬಿಡತಾರೇನು?"

ಇದು ಕೌಜಲಗಿ ಹೊರವಲಯದ ಎರೆಹೊಲ, ೧೯೬೭ರ ಹಿಂಗಾರಿ. ಮುಂದಿನ ವರ್ಷ ರೈತರಿಗೆ ಹಂಚಬೇಕಾದ ಹೈಬ್ರಿಡ್ ಜೋಳದ ಬೀಜ ಇಲ್ಲಿ ತಯಾರಾಗುತ್ತಿದೆ. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು, ಮತ್ತೆ ನಾಲ್ಕು ಹೆಣ್ಣು. ಹೆಣ್ಣು ಸಾಲಿನ ಗಿಡಗಳು ಗಿಡ್ಡ. ಅವುಗಳ ಹೂವಿನಲ್ಲಿ ಹುಡಿ ಇರುವುದಿಲ್ಲ. ಪಕ್ಕದ ಸಾಲಿನ ಹುಡಿ ಗಾಳಿಯಲ್ಲಿ ಬಂದು ಬಿದ್ದರಷ್ಟೇ ಕಾಳು ಕಟ್ಟುತ್ತದೆ. ಮದುವೆಯಾಗಿ ಹೆಣ್ಣೇ ಗಂಡನ ಮನೆಗೆ ಹೋಗುವುದನ್ನು ನೋಡಿ ಬೆಳೆದ ಕೂಲಿ ಹೆಂಗಸರಿಗೆ ಇದು ದೊಡ್ಡ ತಮಾಷೆ. ಗಂಡು ಸಾಲಿಗೆ ಅವರಿಟ್ಟ ಹೆಸರು 'ಮನಿಅಳ್ಯಾ'.

ಹೆಣ್ಣು ಸಾಲಿನಲ್ಲಿ ಬೇರೆ ಕುಲದ ಗಿಡ ಕಣ್ತಪ್ಪಿ ನಿಂತರೆ ಅದರ ಹುಡಿ ಸುತ್ತಲಿನ ಬೀಜವನ್ನೆಲ್ಲ ಕೆಡಿಸುತ್ತದೆ. ಹಾಗೆ ನಿಂತದ್ದನ್ನು ಹುಡುಕಿ ಕೀಳುವುದು ಮೈನಾಬಿಯ ಕೆಲಸ. ಜೋಳ ಹೂಬಿಡುವಷ್ಟು ದಿನವೂ ನಸುಕಿಗೆ ಎದ್ದು, ಇಬ್ಬನಿಯಲ್ಲಿ ಸೊಂಟದವರೆಗೆ ತೊಯ್ದು ಅವಳು ಪ್ರತಿ ಸಾಲನ್ನೂ ನಡೆಯಬೇಕು. ಗರಿಯ ಅಂಚು ಮೊಳಕೈವರೆಗೆ ಗೀರಿದೆ. ಗಂಡ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುವವನು. ಮನೆಯಲ್ಲಿರುವುದಕ್ಕಿಂತ ಹಾದಿಯಲ್ಲಿರುವುದೇ ಹೆಚ್ಚು. ಬೀಜ ಚೀಲ ಸೇರಿ, ಚೀಲಕ್ಕೆ ಸರಕಾರದ ಮುದ್ರೆ ಬಿದ್ದಾಗ ಅದರ ಮೇಲೆ ಮೈನಾಬಿಯ ಹೆಸರೇನೂ ಇರುವುದಿಲ್ಲ.

ಕೆಲಸ ಕಲಿಸಿದವನು ಸರಕಾರಿ ಬೀಜಕೇಂದ್ರದ ಮೇಲ್ವಿಚಾರಕ ಭೀಮರಾಯ. ಮೊದಲ ದಿನವೇ ಆತ ಹೆಂಗಸರನ್ನು ಕೂಡಿಸಿಕೊಂಡು ಪಾಠ ಹೇಳಿದ. ಪ್ರತಿ ಜೀವಕಣದೊಳಗೆ ದಾರದಂಥ ವರ್ಣತಂತುಗಳಿರುತ್ತವೆ, ಜೋಳದಲ್ಲಿ ಅವು ಇಪ್ಪತ್ತು. ಹತ್ತು ತಾಯಿ ಕೊಟ್ಟವು, ಹತ್ತು ತಂದೆ ಕೊಟ್ಟವು. ದಾರದ ಉದ್ದಕ್ಕೂ ಗುಣಗಳನ್ನು ಹೊತ್ತ ಜೀನ್‌ಗಳಿರುತ್ತವೆ, ಅವು ಡಿಎನ್ಎ ಎಂಬ ದ್ರವ್ಯದಿಂದಾಗಿವೆ ಎಂದ. ಹೆಂಗಸರ ಕಿವಿಗೆ ಬಿದ್ದದ್ದು 'ಜೀನ', ಎಂದರೆ ಜಿಪುಣ.

"ತಾಯಿ ಅರ್ಧಾನ ಕೊಡತಾಳ ಅಂದ್ರ ಜೀನಿ ಇರಬೇಕ ಬಿಡ್ರಿ," ಎಂದು ಒಬ್ಬಳು ನಕ್ಕಳಂತೆ.

ಆ ತಪ್ಪುಮಾತನ್ನು ಮೈನಾಬಿ ಬಿಡಲಿಲ್ಲ. ಅವಳಿಗೆ ಅದರಿಂದಲೇ ವಿಷಯ ತಿಳಿಯಿತು. ಮೂಡಲಗಿಯಲ್ಲಿ ಅವಳ ಮೈದುನ ಹೈಬ್ರಿಡ್ ಬಿತ್ತಿ, ಹಿರಿಯರ ಪದ್ಧತಿಯಂತೆ ಚೆಂದದ ತೆನೆಗಳನ್ನು ಆರಿಸಿ, ಬೀಜಕ್ಕೆಂದು ಜಂತಿಗೆ ಕಟ್ಟಿದ್ದ. ಮರುವರ್ಷ ಅದನ್ನು ಬಿತ್ತಿದರೆ ಒಂದು ಗಿಡ ಆಳೆತ್ತರ, ಇನ್ನೊಂದು ಮೊಣಕಾಲೆತ್ತರ. ಒಂದು ಹೂಬಿಟ್ಟರೆ ಇನ್ನೊಂದು ಒಣಗಿತ್ತು. ಬೀಜಕೇಂದ್ರದವರು ಮೋಸ ಮಾಡಿದರೆಂದು ಆತ ಬೈದಾಡಿದ.

"ಮೋಸ ಅಲ್ಲೋ ಅಂದೆ," ಎನ್ನುತ್ತಾಳೆ ಮೈನಾಬಿ ಶಿದ್ಲಿಂಗಪ್ಪನಿಗೆ. "ಅಜ್ಜಿ ಗುಣಾ ಮಗನ ಹೊಟ್ಟ್ಯಾಗ ಇರತೈತಿ, ಆದ್ರ ಜೀನ ರೊಕ್ಕಾ ಹುಗದಂಗ ಕಾಣಸಂಗಿಲ್ಲ. ಮೊಮ್ಮಗ ಬಂದಾಗ ತಗದ ಹೊರಗ ಇಡತೈತಿ."

ಗಂಡು ಸಾಲಿನಾಚೆ, ಬಾವಿಯ ಮಗ್ಗುಲಿಗೆ ಬಂದವಳು ನಿಂತುಬಿಡುತ್ತಾಳೆ. ಇಲ್ಲಿ ಬೀಜದ ಸಾಲುಗಳಿಲ್ಲವೆಂದು ಅವಳು ಈವರೆಗೆ ಈ ಮೂಲೆಗೆ ಬಂದಿರಲಿಲ್ಲ. ಅಲ್ಲಿ ಎರಡು ಸಾಲು ನಾಟಿ ಜೋಳ. ಒಂದೆರಡು ತೆನೆ ಆಗಲೇ ತುದಿಯಲ್ಲಿ ಹೂಬಿಟ್ಟಿವೆ.

"ಇದೇನ್ರಿ?"

ಶಿದ್ಲಿಂಗಪ್ಪ ಬೇರೆ ಕಡೆ ನೋಡುತ್ತಾನೆ. "ಅವ್ವ ಸೀತನಿಗಂತ ಹಾಕ್ಯಾಳ."

ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಯಿರುವಾಗಲೇ ತಿನ್ನುವ ಸೀತನಿಗೆ ಬೀಗರು, ಹೆಣ್ಣುಮಕ್ಕಳು ಹೊಲಕ್ಕೆ ಬರುತ್ತಾರೆ. ಹೊಲ ಬೀಜದ್ದಾದರೂ ಆ ಪದ್ಧತಿ ತಪ್ಪಿಸುವುದು ಹೇಗೆಂದು ಯೋಚಿಸಿ ಮುದುಕಿ ಉದ್ದವ್ವ ಮೂಲೆಯಲ್ಲಿ ಬಿತ್ತಿಬಿಟ್ಟಿದ್ದಾಳೆ. ಬೀಜದ ಹೊಲ ನೋಡುವ ಸರಕಾರಿ ತನಿಖೆಯವರು ಇನ್ನು ಎರಡು ದಿನದಲ್ಲಿ ಬರುತ್ತಾರೆ. ನಾಟಿ ಜೋಳ ಹೂಬಿಟ್ಟದ್ದು ಕಂಡರೆ ಇಡೀ ಹೊಲ ಬೀಜದ ಲೆಕ್ಕದಿಂದ ಹೊರಗೆ.

"ಎಲ್ಲಾ ಕಿತ್ತಬಿಡು. ಮುದುಕಿ ಬರೂದ್ರಾಗ," ಎನ್ನುತ್ತಾನೆ ಶಿದ್ಲಿಂಗಪ್ಪ.

ಮುದುಕಿ ಬಂದೇಬಿಟ್ಟಿದ್ದಾಳೆ, ತಲೆಯ ಮೇಲೆ ಬುತ್ತಿ. "ಕೀಳಾಕ ನಿನಗೇನ ಹಕ್ಕ ಐತಿ?" ಎಂದು ಮಗನನ್ನು ಕೇಳುತ್ತಾಳೆ. ಆ ಜೋಳ ಅವಳ ತವರು ನಿಡಸೋಸಿಯದು. ಮದುವೆಯಾಗಿ ಬಂದಾಗ ಉಡಿಯಲ್ಲಿ ತಂದದ್ದು. ತವರಿನ ಹೊಲದಲ್ಲಿ ಈಗ ಬರೀ ಕಬ್ಬು. ಮನೆಯಲ್ಲಿದ್ದ ಬೀಜಕ್ಕೆ ನುಸಿ ಹತ್ತಿತೆಂದು ಈ ವರ್ಷ ಉಳಿದದ್ದನ್ನೆಲ್ಲ ಬಿತ್ತಿದ್ದಾಳೆ. ಇಲ್ಲಿ ಕಿತ್ತರೆ ಆ ಜೋಳದ ವಂಶ ಮುಗಿಯಿತು.

"ನನ್ನ ಮಗಳಿಗೆ ನಿಮ್ಮ ಗಿಡ್ಡ ಜ್ವಾಳ ಸುಟ್ಟ ಕೊಡ್ಲೇನ? ಅದಕ್ಕ ಇದರ ರುಚಿ ಐತೇನ ಮೈನಾ, ಖರೆ ಹೇಳು."

"ಇಲ್ರಿ ಯವ್ವಾ," ಎನ್ನುತ್ತಾಳೆ ಮೈನಾಬಿ. "ಆದ್ರ ಇದನ್ನ ಹಿಂಗ ಬಿಟ್ರ ನಮ್ಮ ಹೊಲಾನೂ ಕೆಡತೈತಿ, ನಮ್ಮ ಮನಿಅಳ್ಯಾನ ಹುಡಿ ಬಿದ್ದ ನಿಮ್ಮ ತವರಮನಿ ಜ್ವಾಳಾನೂ ಕೆಡತೈತಿ."

ಹೂಬಿಟ್ಟ ಗಿಡಗಳನ್ನು ಅವಳು ಕೇಳದೆ ಕಿತ್ತು ಗೋಣಿಚೀಲಕ್ಕೆ ಹಾಕುತ್ತಾಳೆ. ಉಳಿದವಕ್ಕೆ ಭೀಮರಾಯನ ಹತ್ತಿರ ಹೋಗಿ ಕಾಗದದ ಚೀಲ ತರುತ್ತಾಳೆ. ಹೂಬಿಡುವ ಮುಂಚೆ ತೆನೆಗೆ ಚೀಲ ತೊಡಿಸಿ ಕಟ್ಟಿದರೆ ಒಳಗಿನ ಹುಡಿ ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ತೆನೆ ತನ್ನ ಹುಡಿಯಿಂದಲೇ ಕಾಳು ಕಟ್ಟುತ್ತದೆ.

"ನನ್ನ ಜ್ವಾಳಕ್ಕ ಬುರಕಾ ತೊಡಸಾಕತ್ತೀ?" ಉದ್ದವ್ವ ಬದುವಿನ ಮೇಲೆ ಕುಳಿತಲ್ಲಿಂದಲೇ ಚುಚ್ಚುತ್ತಾಳೆ.

"ನಾನಂತೂ ತೊಡಲಿಲ್ಲ. ಇದಾದ್ರೂ ತೊಡಲಿ ತಗೋರಿ."

ತನಿಖೆ ಮುಗಿಯುತ್ತದೆ, ಹೊಲ ಉಳಿಯುತ್ತದೆ. ಎಳ್ಳಮಾವಾಸ್ಯೆ ದಾಟಿದ ಮೇಲೆ ಚೀಲ ಬಿಚ್ಚಿ ನೋಡಿದರೆ ಒಳಗೆ ಇಬ್ಬನಿಯ ಪಸೆ ಹಿಡಿದು ಬಹಳಷ್ಟು ತೆನೆ ಕಪ್ಪಾಗಿವೆ. ನೆಟ್ಟಗಿರುವವು ಒಂದು ಹಿಡಿಯೊಳಗೆ ಬರುವಷ್ಟೇ. ಕಾಳು ಇನ್ನೂ ಹಾಲುಗಾಳು. ಬೀಜವಾಗಬೇಕಾದರೆ ಗಿಡದ ಮೇಲೆಯೇ ಬಲಿಯಬೇಕು.

ಸೀತನಿಗೆ ಉದ್ದವ್ವನ ಮಗಳು ಬಂದಿದ್ದಾಳೆ. ಬದುವಿನಲ್ಲಿ ಸಗಣಿ ಕುಳ್ಳಿನ ಕೆಂಡ ಸಿದ್ಧವಿದೆ, ಶೇಂಗಾ ಚಟ್ನಿಯಿದೆ, ದೂರದ ಹೊಲದವರು ಕೊಟ್ಟ ಜೋಳದ ತೆನೆಗಳಿವೆ. ಉದ್ದವ್ವ ಎದ್ದು ಹೋಗಿ ತನ್ನ ಸಾಲಿನ ತುಂಬುತೆನೆಯೊಂದನ್ನು ಹಿಡಿದು, ಕುಡುಗೋಲು ಎತ್ತಿ, ಮೈನಾಬಿಯನ್ನು ಕರೆಯುತ್ತಾಳೆ. ಈ ಸೀಮೆಯಲ್ಲಿ ಹೊಲಕ್ಕೆ ಕರೆದು ಕೊಟ್ಟ ಸೀತನಿಯನ್ನು ಯಾರೂ ಬೇಡವೆನ್ನುವುದಿಲ್ಲ.

"ಬಾ ಇಲ್ಲಿ. ನನ್ನ ತವರಮನಿ ಸೀತನಿ, ಮೊದಲ ನಿನಗ. ಆಮ್ಯಾಲ ಮಗಳಿಗೆ."

"ಕುಡಗೋಲ ಕೆಳಗ ಇಡ್ರಿ."

"ಒಂದ ತೆನಿಗೆ ಏನಾಕೈತಿ? ನಮ್ಮ ಕೈಯಾಂದ ತಿನ್ನಾಕ ಒಲ್ಲೆ ಅಂತೀಯೇನ?"

"ಹೂಂ, ಒಲ್ಲೆ," ಎನ್ನುತ್ತಾಳೆ ಮೈನಾಬಿ. "ಅದು ಬೀಜ ಐತಿ. ನಾ ತಿನ್ನಂಗಿಲ್ಲ."