ನಲ್ಲಿಗೆ ಎರಡು ಗಂಟು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. 1959ರ ಡಿಸೆಂಬರ್ ತಿಂಗಳು. ನಾನು ಗೋಣಿಕೊಪ್ಪಲಿನಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಮನೆಮನೆ ಸುತ್ತಿ ಫಾರಂ ತುಂಬುವುದು. ದೇಹದಲ್ಲೋ ಬುದ್ಧಿಯಲ್ಲೋ ಕೊರತೆಯಿರುವ ಮಕ್ಕಳು ಎಲ್ಲೆಲ್ಲಿದ್ದಾರೆ, ಅವರ ಮನೆಯವರಿಗೆ ಯಾರಿಂದ ಏನು ನೆರವು ಸಿಗುತ್ತಿದೆ, ಇನ್ನೇನು ಬೇಕು ಎಂದು ತಿಳಿಯುವ ಸಮೀಕ್ಷೆ ಅದು. ಹದಿನಾಲ್ಕು ಪ್ರಶ್ನೆಗಳ ಆ ಫಾರಂನಲ್ಲಿ ಅಂಥ ಮಕ್ಕಳಿಗೆ ಅಚ್ಚಾಗಿದ್ದ ಪದ ‘ಅಂಗಹೀನ’. ಇವತ್ತು ಅದನ್ನು ಬಾಯಲ್ಲಿ ಆಡಲು ನಾಚಿಕೆಯಾಗುತ್ತದೆ. ಆಗ ದಿನಕ್ಕೆ ಇಪ್ಪತ್ತು ಸಲ ಆಡುತ್ತಿದ್ದೆ.

ನಾನು ಹುಟ್ಟಾ ಸಂಶಯದವಳು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ನನ್ನಮ್ಮ ನೆಂಟರೆದುರೇ ಹಂಗಿಸುತ್ತಿದ್ದಳು. ಈ ಕೆಲಸಕ್ಕೆ ಅದೇ ನನ್ನ ಯೋಗ್ಯತೆ ಎಂದು ನಾನು ನಂಬಿದ್ದೆ.

ಪೊನ್ನಂಪೇಟೆ ದಾರಿಯ ಆ ಎಸ್ಟೇಟಿನ ಹೆಸರು ಬೇಡ. ಅಲ್ಲಿ ನಲವತ್ತೆರಡು ಲೈನ್ ಮನೆಗಳಿದ್ದವು. ಲೈನ್ ಎಂದರೆ ಆಳುಗಳಿಗಾಗಿ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆ. ಹಾಜರಿ, ಮನೆ ಹಂಚಿಕೆ ಎಲ್ಲ ನೋಡುವವರು ರೈಟರ್ ಬೆಳ್ಯಪ್ಪ. ಮೂರ್ನಾಡಿನ ಕಡೆಯವರು, ಮನೆಮಾತು ಅರೆಭಾಷೆ, ಐವತ್ತು ದಾಟಿದ ಮನುಷ್ಯ. ನಾವು ಮುಂಚೆಯೇ ಕಳಿಸಿದ್ದ ಫಾರಂಗಳನ್ನೆಲ್ಲ ಅವರು ತಾವೇ ತುಂಬಿಟ್ಟಿದ್ದರು. ಎಲ್ಲದರಲ್ಲೂ ‘ಇಲ್ಲ’. ನಿಮಗೆ ಸುಮ್ಮನೆ ತೊಂದರೆ ಎಂತಕ್ಕೆ ಎಂದು ನಗುತ್ತ ಕಾಫಿ ಕೊಟ್ಟರು, ಬಾಳೆಹಣ್ಣು ಕೊಟ್ಟರು, ವಾಪಸು ಹೋಗಲು ಜೀಪು ಬೇಕಾ ಎಂದೂ ಕೇಳಿದರು. ಉಪಚಾರ ಹೆಚ್ಚಿದಷ್ಟೂ ನನ್ನ ಸಂಶಯ ಹೆಚ್ಚಿತು. ನಲವತ್ತೆರಡು ಮನೆಯಲ್ಲಿ ಒಂದಾದರೂ ಮಗುವಿಗೆ ಏನೂ ಇಲ್ಲವೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಲೈನಿನ ಕಡೆ ಹೊರಟೆ.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲವಾದ್ದರಿಂದ ಹೆಚ್ಚಿನವರು ತೋಟದಲ್ಲಿದ್ದರು. ಮೊದಲ ಮನೆಯ ಬಾಗಿಲಿನಿಂದ ನೀರಿನ ನಲ್ಲಿಯವರೆಗೆ ಒಂದು ಹಗ್ಗ ಕಟ್ಟಿತ್ತು. ನನ್ನ ತೊಡೆಯೆತ್ತರ, ನಡುನಡುವೆ ಗಂಟುಗಳು, ಕೈಯಾಡಿ ಆಡಿ ನುಣುಪಾದ ಹಗ್ಗ. ಇದು ಯಾತಕ್ಕೆ ಎಂದು ಬಿಸಿಲಿಗೆ ಕೂತಿದ್ದ ಮುದುಕಿಯನ್ನು ಕೇಳಿದೆ. ಬಟ್ಟೆ ಒಣಹಾಕಲು ಎಂದಳು. ನಲ್ಲಿಯ ಹತ್ತಿರ ಸುಮ್ಮನೆ ಕೂತಿದ್ದ ಹೆಂಗಸನ್ನು ಕೇಳಿದೆ. ಆಡು ಕಟ್ಟಲು ಎಂದಳು. ಹಗ್ಗದ ಮೇಲೆ ಒಂದು ಚಿಂದಿಯಿಲ್ಲ, ಸುತ್ತ ಒಂದು ಆಡಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು ಅವರ ಮುಖ. ಆ ಮೊದಲ ಮನೆಯ ನಂಜಮ್ಮ, ಪಿರಿಯಾಪಟ್ಟಣದ ಕಡೆಯಿಂದ ಬಂದವಳು, ನಾನು ಬಂದ ಸುದ್ದಿ ಕೇಳಿ ತೋಟದಿಂದ ಓಡಿಬಂದು, ಅರ್ಧ ಬಾಗಿಲು ಹಾಕಿ ಅದಕ್ಕೆ ಅಡ್ಡ ನಿಂತೇ ಮಾತಾಡಿದಳು. ಒಳಗೆ ಯಾರೂ ಇಲ್ಲವಂತೆ. ಒಳಗೆ ಯಾರೋ ಗಜ್ಜುಗದ ಕಾಯಿ ಉರುಳಿಸುವ ಸದ್ದು ಮಾತ್ರ ಕೇಳುತ್ತಲೇ ಇತ್ತು.

ಆಫೀಸಿಗೆ ಮರಳಿದಾಗ ಗೋಡೆಯ ಮೇಲೆ ಕಂಬಳಿ ಪಟ್ಟಿ ಕಂಡಿತು. ಮಳೆಗಾಲಕ್ಕೆ ಮುಂಚೆ ಲೈನಿನಲ್ಲಿ ತಲೆಗೊಂದು ಕಂಬಳಿ ಹಂಚುವುದು ಆ ತೋಟದ ಪದ್ಧತಿ. ನಂಜಮ್ಮನ ಮನೆಗೆ ಐದು ಕಂಬಳಿ ಹೋಗಿತ್ತು. ಬೆಳ್ಯಪ್ಪ ತುಂಬಿದ ಫಾರಂನಲ್ಲಿ ಆ ಮನೆಯವರು ನಾಲ್ಕೇ ಜನ. ಸಿಕ್ಕಿಬಿದ್ದೆಯಾ ಅಪ್ಪಾ ಎಂದು ಮನಸ್ಸಿನಲ್ಲೇ ಕುಣಿದೆ.

ಅಂದೇ ಸಂಜೆ ಮೇಲಧಿಕಾರಿಗೆ ಗುಪ್ತ ಪತ್ರ ಬರೆದೆ. ಅಂಥ ಮಕ್ಕಳ ವಿಷಯ ಹೊರಬಂದರೆ ತೋಟದ ಮೇಲೆ ಹೊಣೆ ಬೀಳುತ್ತದೆಂದು ಮಾಲೀಕರ ಪರವಾಗಿ ರೈಟರ್ ಬೆಳ್ಯಪ್ಪ ಬೇಕೆಂದೇ ಮಾಹಿತಿ ಮುಚ್ಚಿಡುತ್ತಿದ್ದಾರೆ ಎಂದು ಹೆಸರು ಹಾಕಿಯೇ ಬರೆದೆ. ಗೋಣಿಕೊಪ್ಪಲಿನ ಅಂಚೆ ಪೆಟ್ಟಿಗೆಗೆ ಹಾಕಿ ಬಂದೆ. ಆ ದಿನ ಸೊಗಸಾಗಿ ನಿದ್ದೆ ಬಂತು.

ಮರುದಿನ ಹೋಗಿ ಬೆಳ್ಯಪ್ಪನವರ ಮುಂದೆ ಐದು ಕಂಬಳಿಯ ಲೆಕ್ಕ ಇಟ್ಟೆ. ಅವರು ವಾದ ಮಾಡಲಿಲ್ಲ. ಬನ್ನಿ ಎಂದು ಲೈನಿಗೆ ಕರೆದೊಯ್ದು, ಮಾತಾಡದೆ ನಿಲ್ಲಲು ಹೇಳಿದರು. ಮೊದಲ ಮನೆಯಿಂದ ಏಳು ವರ್ಷದ ಹುಡುಗಿಯೊಬ್ಬಳು ಸೊಂಟದಲ್ಲಿ ಸಣ್ಣ ಕೊಡ ಇಟ್ಟುಕೊಂಡು ಹೊರಬಂದಳು. ಹುಟ್ಟಿನಿಂದ ಕಣ್ಣು ಕಾಣದವಳು. ಒಂದು ಕೈ ಹಗ್ಗದ ಮೇಲೆ. ಗಂಟು ಸಿಕ್ಕಲ್ಲಿ ಬೆರಳು ನಿಲ್ಲಿಸಿ, ಎಣಿಸಿ, ನೇರ ನಲ್ಲಿಗೆ ಹೋಗಿ, ಕೊಡ ತುಂಬಿಕೊಂಡು ಮರಳಿದಳು. ಒಂದು ಹನಿ ಚೆಲ್ಲಲಿಲ್ಲ. ನಲ್ಲಿಯ ಹತ್ತಿರ ಇವತ್ತು ಬೇರೊಬ್ಬ ಹೆಂಗಸು ಕೂತಿದ್ದಳು.

ಹಗ್ಗ ಕಟ್ಟಿದವರು ಬೆಳ್ಯಪ್ಪ. ನಲ್ಲಿಯ ಪಕ್ಕದ ಮೊದಲ ಮನೆ ತೋಟದ ರೂಢಿಯಂತೆ ಆಳುಗಳ ಹೆಡ್ ಮೇಸ್ತ್ರಿಗೆ ಸಲ್ಲಬೇಕು. ಅವನೊಡನೆ ಜಗಳಾಡಿ ಅದನ್ನು ನಂಜಮ್ಮನಿಗೆ ಕೊಡಿಸಿದ್ದರು. ಪಿಕಿಂಗ್ ಕಾಲದಲ್ಲಿ ಲೈನಿನ ಹೆಂಗಸರು ದಿನಕ್ಕೊಬ್ಬರಂತೆ ಸರದಿಯಲ್ಲಿ ನಿಂತು ಹುಡುಗಿಯನ್ನು ನೋಡಿಕೊಳ್ಳುತ್ತಿದ್ದರು. ‘ಆಡು ಕಟ್ಟಲು’ ಎಂದವಳದು ನಿನ್ನೆಯ ಸರದಿ.

“ಮತ್ತೆ ಸುಳ್ಳು ಯಾಕೆ ಬರೆದಿರಿ?” ಎಂದೆ.

ಹಿಂದಿನ ವರ್ಷ ಯಾರೋ ಬಂದು ಇಂಥದೇ ಪಟ್ಟಿ ಮಾಡಿದ್ದರಂತೆ. ಆಮೇಲೆ ಪಕ್ಕದ ತೋಟದ ಮಾತು ಬಾರದ ಮಗುವೊಂದನ್ನು ದೂರದ ಯಾವುದೋ ಆಶ್ರಮಕ್ಕೆ ಜೀಪಿನಲ್ಲಿ ಕರೆದೊಯ್ದರು. ಒಳ್ಳೆಯದಕ್ಕೇ ಇರಬಹುದು. ಆದರೆ ಯಾವ ಊರು ಎಂದು ಹೆತ್ತವಳಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಅಷ್ಟರಲ್ಲಿ ನಂಜಮ್ಮ ತೋಟದಿಂದ ಬಂದು ನನ್ನ ಕೈಯ ಫಾರಂ ನೋಡಿದಳು. ಅವಳಿಗೆ ಓದು ಬಾರದು. “ಅವ್ವಾ, ನಮ್ ಕೂಸಿನ ಹೆಸ್ರ ಬರಕೋಬ್ಯಾಡಿ. ಬರ್ದದ್ದೆಲ್ಲಾ ಹೊಂಟೋಯ್ತದೆ” ಎಂದಳು.

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಪತ್ರದ ವಿಷಯ ಹೇಳಲು ಬಾಯಿ ಬರಲಿಲ್ಲ. ಗೋಣಿಕೊಪ್ಪಲಿಗೆ ಓಡಿದೆ; ಅಂಚೆ ಚೀಲ ಬೆಳಗಿನ ಬಸ್ಸಿನಲ್ಲೇ ಹೋಗಿತ್ತು. ಮೊದಲ ಪತ್ರ ರದ್ದೆಂದು ತಿಳಿಯಿರಿ ಎಂದು ಎರಡನೆಯದು ಬರೆದೆ. ಎರಡನೆಯದನ್ನು ಫೈಲಿಗೆ ಸೇರಿಸಿದರು. ಮೊದಲನೆಯದನ್ನು ನಿಯಮದಂತೆ, ವಿವರಣೆ ಕೇಳಿ, ಎಸ್ಟೇಟಿನ ಮಾಲೀಕರಿಗೆ ಕಳಿಸಿದರು.

ಫೆಬ್ರವರಿಯಲ್ಲಿ ಹೋದಾಗ ಆಫೀಸಿನಲ್ಲಿ ಹೊಸ ರೈಟರ್ ಕೂತಿದ್ದ. ತೋಟಕ್ಕೆ ಕೆಟ್ಟ ಹೆಸರು ತಂದರೆಂದು ಬೆಳ್ಯಪ್ಪನವರನ್ನು ಕೆಲಸದಿಂದ ತೆಗೆದಿದ್ದರು. ಮೊದಲ ಮನೆ ಮೇಸ್ತ್ರಿಗೆ ಹೋಗಿತ್ತು. ನಂಜಮ್ಮನ ಮನೆಯವರು ಇಳಿಜಾರಿನ ಕೆಳಗೆ, ಕೊನೆಯ ಮನೆಯಲ್ಲಿದ್ದರು. ಹುಡುಗಿ ಬರಿಯ ಕೊಡ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ನಂಜಮ್ಮ ನನ್ನನ್ನು ಬೈಯಲಿಲ್ಲ, ಹುಡುಗಿಯನ್ನು ಒಳಕ್ಕೆ ಕರೆದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫಾರಂನ ಹನ್ನೊಂದನೆಯ ಪ್ರಶ್ನೆ: ಕುಟುಂಬಕ್ಕೆ ಈಗ ಸಿಗುತ್ತಿರುವ ನೆರವು ಏನು? ಬೆಳ್ಯಪ್ಪ ‘ಇಲ್ಲ’ ಎಂದು ಬರೆದಿದ್ದರು. ಆ ಸುಳ್ಳನ್ನು ಹಿಡಿಯಲು ಹೊರಟವಳು ನಾನು. ನಾನೇ ಅದನ್ನು ನಿಜ ಮಾಡಿದ್ದೆ.

ಗೋಣಿಕೊಪ್ಪಲಿನ ಸಂತೆಯಿಂದ ಹಗ್ಗ ತಂದು, ಹೊಸ ರೈಟರನ ಜೊತೆ ಬಾಯಿ ಮಾಡಿ, ಕೊನೆಯ ಮನೆಯಿಂದ ನಲ್ಲಿಯವರೆಗೂ ಕಟ್ಟಿಸಿದೆ. ಹುಡುಗಿ ನಾಲ್ಕು ಹೆಜ್ಜೆ ಕೈಯಾಡಿಸಿ ನಿಂತುಬಿಟ್ಟಳು.

“ಇದ್ರಲ್ಲಿ ಗಂಟೇ ಇಲ್ವಲ್ಲ. ಎಲ್ಲಿವ್ನಿ ಅಂತ ಎಂಗೆ ಗೊತ್ತಾಗದು? ರೈಟರಯ್ಯಂಗೆ ಗೊತ್ತು.”

ಮುಂದಿನ ಭಾನುವಾರ ಮೂರ್ನಾಡಿನ ಬಸ್ಸು ಹತ್ತಿದೆ. ಬೆಳ್ಯಪ್ಪ ಮನೆಯಂಗಳದಲ್ಲಿ ಕರಿಮೆಣಸು ಹರವುತ್ತಿದ್ದರು. ಪತ್ರ ಬರೆದದ್ದು ನಾನೇ ಎಂದು ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಗೊತ್ತುಂಟು ಎಂದರು, ಕೂರಿ ಎನ್ನಲಿಲ್ಲ. ಗಂಟಿನ ವಿಷಯ ಕೇಳಿದಾಗ ತಲೆಯೆತ್ತಿ ನೋಡಿದರು. ಈಗ ಸಂಶಯ ಪಡುವ ಸರದಿ ಅವರದು.

“ಇದನ್ನೂ ಬರ್ದು ಕಳಿಸ್ಲಿಕ್ಕುಂಟಾ?”

ಪೆನ್ನು, ಚೀಲ, ಕಾಗದ ಎಲ್ಲ ಅವರ ಜಗಲಿಯ ಆ ಕೊನೆಯಲ್ಲಿಟ್ಟು ಬರಿಗೈಯಲ್ಲಿ ಬಂದು ಅಂಗಳದ ನೆಲದ ಮೇಲೆ ಕೂತೆ. ಆಗ ಅವರು ತೋರಿಸಿಕೊಡಲು ಒಳಗಿನಿಂದ ಒಂದು ತುಂಡು ಹಗ್ಗ ತಂದರು. ಮನೆಬಾಗಿಲಿಗೆ ಒಂದು ಗಂಟು. ನಲ್ಲಿಗೆ ಎರಡು. ಇಳಿಜಾರು ಇದೆಯಲ್ಲ, ಮೆಟ್ಟಿಲಿಗೆ ದಪ್ಪ ಗಂಟು ಎಂದು ನನ್ನ ಕೈಯಿಂದಲೇ ಹಾಕಿಸಿದರು. ನಾನು ಅದನ್ನು ಮೆಟ್ಟಿಲಿನ ನೇರಕ್ಕೆ ಹಾಕಬೇಕೆಂದುಕೊಂಡಿದ್ದೆ.

“ಮೆಟ್ಲು ಬರೋ ಮೊದ್ಲು ಹಾಕ್ಬೇಕಮ್ಮ,” ಎಂದರು. “ಬಿದ್ದ ಮೇಲೆ ಗೊತ್ತಾದ್ರೆ ಎಂತ ಪ್ರಯೋಜನ?”

ಗಂಟನ್ನು ಒಂದು ಗೇಣು ಹಿಂದಕ್ಕೆ ಹಾಕಿದೆ.

ಆಮೇಲೆ ಇಪ್ಪತ್ತೆಂಟು ವರ್ಷ ಇದೇ ಬಗೆಯ ಕೆಲಸ ಮಾಡಿದೆ. ಸಂಶಯದ ಗುಣ ಹೋಗಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಮೊದಲ ಸಂಶಯ ನನ್ನ ಕೈಯ ಕಾಗದದ ಮೇಲೆಯೇ: ಇದು ಎಲ್ಲಿಗೆ ಹೋಗುತ್ತದೆ, ಯಾರ ಮೇಜಿಗೆ ಬೀಳುತ್ತದೆ, ಯಾರ ಬಾಗಿಲಿಗೆ ಮರಳುತ್ತದೆ? ಅದು ತಿಳಿಯುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಮನೆಯವರು ಆಗಲೇ ಏನು ಮಾಡಿಕೊಂಡಿದ್ದಾರೆ ಎಂದು ನೋಡಿದ ಮೇಲೆಯೇ ಏನು ಬೇಕು ಎಂದು ಕೇಳುತ್ತಿದ್ದೆ.

ಮೂರ್ನಾಡಿನಿಂದ ಮರಳಿ ಲೈನಿನ ಹಗ್ಗಕ್ಕೆ ಅದೇ ಲೆಕ್ಕದಲ್ಲಿ ಗಂಟು ಹಾಕಿದೆ; ಹುಡುಗಿ ಆ ವಾರವೇ ಮತ್ತೆ ನೀರು ತಂದಳು. ಬೆಳ್ಯಪ್ಪನವರಿಗೆ ಕೆಲಸ ಮರಳಿ ಕೊಡಿಸಲು ನನ್ನಿಂದ ಆಗಲಿಲ್ಲ. ಈ ಬರಹದಲ್ಲಿ ಅವರ ಹೆಸರು, ನಂಜಮ್ಮನ ಹೆಸರು ಎರಡೂ ನಾನು ಇಟ್ಟವು. ಕೂಸಿಗೆ ಮಾತ್ರ ಸುಳ್ಳು ಹೆಸರನ್ನೂ ಇಡಲಿಲ್ಲ. ಬರೆಯುವುದಿಲ್ಲ ಎಂದು ಅವಳ ತಾಯಿಗೆ ಮಾತು ಕೊಟ್ಟಿದ್ದೆ.