ಫ್ರೀಜರಿಗೂ ಆಯುಧಪೂಜೆ

ನನ್ನ ಪಿಎಚ್‌ಡಿಯ ಆರು ತಿಂಗಳ ದುಡಿಮೆಯೆಲ್ಲ ಒಂದು ಕಾಲಕ್ಕೆ ಎಂಟು ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿತ್ತು. ಅವುಗಳಲ್ಲಿದ್ದದ್ದು ತೊಗರಿಯ ಒಂದು ಕಿಣ್ವ. ಗಿಡ ತನ್ನೊಳಗೆ ಬಿ-ಒನ್ ಜೀವಸತ್ವ ತಯಾರಿಸಿಕೊಳ್ಳುವಾಗ ಒಂದು ಹಂತದ ಕೆಲಸ ಈ ಕಿಣ್ವದ್ದು. ಪೆದ್ದೆಮುಲ್ ಹತ್ತಿರದ ನಮ್ಮ ಹೊಲದ ತೊಗರಿಯಿಂದ ಅದರ ಜೀನ್ ತೆಗೆದು, ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅವುಗಳ ಕೈಲಿ ಕಿಣ್ವ ಮಾಡಿಸಿ, ಶುದ್ಧಗೊಳಿಸಿದ್ದೆ. ಅದೆಲ್ಲ ನಡೆದದ್ದು ಹೈದರಾಬಾದಿನಲ್ಲಿ, ನನ್ನ ಗೈಡ್ ಅವರ ಲ್ಯಾಬಿನಲ್ಲಿ. ಅಲ್ಲಿಂದ ನಾನು ಪಾಠ ಹೇಳುವ ಜಹೀರಾಬಾದಿನ ಕಾಲೇಜಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ; ತಣ್ಣಗಿರದಿದ್ದರೆ ಕಿಣ್ವ ಕೆಡುತ್ತದೆ. ಪಕ್ಕದ ಸೀಟಿನ ಅಜ್ಜಿ "ಮೀನೇನವ್ವಾ?" ಎಂದು ಕೇಳಿ, ಹೌದೆಂದರೆ ಎದ್ದು ಹೋಗುವವಳಂತೆ ನೋಡಿದಳು.

ಕೊಳವೆಗಳನ್ನು ಕಾಲೇಜು ಲ್ಯಾಬಿನ ಫ್ರೀಜರಿನಲ್ಲಿಟ್ಟೆ. ಕೊನೆಯ ಅಳತೆಗಳಷ್ಟೇ ಬಾಕಿ ಇದ್ದವು. ಅವು ಸಿಕ್ಕರೆ ಪ್ರಬಂಧ ಮುಗಿದಂತೆ. ದಸರಾ ರಜೆಯಲ್ಲಿ ಕಾಲೇಜು ಖಾಲಿ ಇರುತ್ತದೆ, ಆಗ ನೆಮ್ಮದಿಯಾಗಿ ಮಾಡೋಣವೆಂದುಕೊಂಡೆ.

ನಮ್ಮ ಲ್ಯಾಬಿನ ಅಟೆಂಡರ್ ಅಕ್ಕ ದಿನಾ ಝರಾಸಂಗಂನಿಂದ ಬಸ್ಸಿಗೆ ಬರುತ್ತಿದ್ದರು. ಹಣೆಯಲ್ಲಿ ವಿಭೂತಿ ಇಲ್ಲದೆ ಅವರನ್ನು ನೋಡಿದ ನೆನಪಿಲ್ಲ. ರಜೆ ಶುರುವಾಗುವ ಹಿಂದಿನ ದಿನ, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಬಂದು ನಿಂತರು.

"ಮೇಡಂ, ಪೂಜಾಕ್ಕ ಮಶಿನ್‌ಗೋಳು ಒರಸ್ಲಿಕತ್ತೀನ್ರಿ. ಫ್ರೀಜರ್‌ಗೂ ಮಾಡ್ಲೇನ್ರಿ?"

"ಅದೇನು ಪಾಪ ಮಾಡ್ಯಾದ ಅಕ್ಕಾ? ಅದಕ್ಕೂ ಮಾಡ್ರಿ," ಎಂದೆ, ತಲೆ ಎತ್ತದೆ.

ಅಕ್ಕ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಪೂಜೆಯಾದ ಯಂತ್ರಕ್ಕೆ ಅಂದು ಕೆಲಸ ಹಚ್ಚಬಾರದೆಂಬುದು ನಮ್ಮ ಕಡೆಯ ಪದ್ಧತಿ. ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಹೊಲಿಗೆ ಮಶಿನ್ನು ಎಲ್ಲಕ್ಕೂ ರಜೆ. ಅವರು ಫ್ರೀಜರಿಗೂ ರಜೆ ಕೊಟ್ಟರು. ಪ್ಲಗ್ ಕಿತ್ತು, ಒಳಗೆಲ್ಲ ಒರೆಸಿ, ಕೊಳವೆಗಳನ್ನು ಮತ್ತೆ ಅಲ್ಲೇ ಜೋಡಿಸಿ, ಆರಲೆಂದು ಬಾಗಿಲು ತೆರೆದಿಟ್ಟು, ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂ ಏರಿಸಿ ಮನೆಗೆ ಹೋದರು.

ಎರಡು ದಿನ ಬಿಟ್ಟು ಅವರೇ ಬಂದು ನನಗೆ ಲ್ಯಾಬಿನ ಬೀಗ ತೆಗೆದುಕೊಟ್ಟರು. ಕೊಳವೆಗಳು ಸ್ಟ್ಯಾಂಡಿನಲ್ಲಿ ನೀಟಾಗಿ ನಿಂತಿದ್ದವು, ಮುಟ್ಟಿದರೆ ಬೆಚ್ಚಗೆ. ಆದರೂ ಆಸೆ ಬಿಡದೆ ಮೂರು ಸಲ ಅಳೆದು ನೋಡಿದೆ. ಕಿಣ್ವ ಸತ್ತುಹೋಗಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಏನಾಗಿದೆಯೆಂದು ಹೇಳಿದಾಗ ಅಕ್ಕ ಬಾಗಿಲ ಹತ್ತಿರ ಕುಸಿದು ಕೂತರು.

ಅವರ ಎದುರಿಗೇ ಗೈಡ್‌ಗೆ ಫೋನ್ ಮಾಡಿದೆ. "ಎರಡು ದಿನ ಕರೆಂಟ್ ಇರಲಿಲ್ಲ ಸರ್, ಎಲ್ಲ ಹಾಳಾಯಿತು," ಎಂದು ತೆಲುಗಿನಲ್ಲಿ ಹೇಳಿದೆ. ನೀನಾದರೂ ಏನು ಮಾಡುತ್ತಿದ್ದೆ ಎಂದು ಅವರು ಸಮಾಧಾನ ಹೇಳಿದರು.

ಅಕ್ಕನಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. "ನನ್ನ ಹೆಸರು ತೆಗೀಲಿಲ್ಲ ನೀವು," ಎಂದು ಕೈ ಮುಗಿದರು. "ಈ ಉಪಕಾರ ಮರಿಯಾಂಗಿಲ್ರಿ."

ನನಗೆ ನಾಚಿಕೆಯಾಯಿತು. ಆ ಸುಳ್ಳು ಹೇಳುವಾಗ ಅಕ್ಕ ನನ್ನ ಮನಸ್ಸಿನಲ್ಲೇ ಇರಲಿಲ್ಲ. ಪೂಜೆ ಎಂದರೆ ಯಂತ್ರ ಬಂದ್ ಎಂಬುದು ಹೊಲಮನೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಹೂಂಗುಟ್ಟಿದ್ದು ಯಾರು ಎಂದು ಗೈಡ್ ಕೇಳಿಯಾರೆಂದು ಹೆದರಿದ್ದೆ, ಅಷ್ಟೇ.

ಮತ್ತೆ ಫೋನ್ ಮಾಡಿದೆ. ಕರೆಂಟ್ ಹೋಗಿರಲಿಲ್ಲ, ಯೋಚಿಸದೆ ಒಪ್ಪಿಗೆ ಕೊಟ್ಟವಳು ನಾನೇ ಎಂದೆ. ಬೇಸಿಗೆ ರಜೆಯಲ್ಲಿ ಬಂದು ಮೊದಲಿನಿಂದ ಶುರು ಮಾಡು ಎಂದರು. ದನಿಯಲ್ಲಿ ಮೊದಲಿನ ಸಲುಗೆ ಇರಲಿಲ್ಲ.

"ಅಂದ್ರ, ನೀವು ನನ್ನ ಸಲುವಾಗಿ ಸುಳ್ಳು ಹೇಳಿದ್ದಲ್ಲೇನ್ರಿ?" ಅಕ್ಕ ಮೆಲ್ಲಗೆ ಕೇಳಿದರು.

"ಅಲ್ಲಕ್ಕಾ. ನನ್ನ ಸಲುವಾಗಿ."

ಅವರು ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ಹೋದರು. ಅವತ್ತು ಲ್ಯಾಬಿಗೆ ಬೀಗ ಹಾಕಿದ್ದು ನಾನೇ.