ಎಡೆಗೆ ಇಟ್ಟ ಹಾರ್ಮೋನಿಯಂ

ಅಣ್ಣ ಬೀಡಿ ಮುಟ್ಟಿದವನಲ್ಲ. ಆದರೂ ಅವನ ಹನ್ನೊಂದನೇ ದಿನದ ಎಡೆಗೆ ಒಂದು ಕಟ್ಟು ಬೀಡಿ ಇಟ್ಟಿದ್ದರು. ಸೇದುತ್ತಿದ್ದವರು ದೊಡ್ಡಪ್ಪ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ನಮ್ಮವರ ಪದ್ಧತಿ. ಇಪ್ಪತ್ತು ತುಂಬದ ಹುಡುಗ ವಿಷಮಶೀತ ಜ್ವರಕ್ಕೆ ಹೋಗಿಬಿಟ್ಟಿದ್ದ, ಅವನಿಗೆ ಏನು ಇಷ್ಟ ಎಂದು ಒಬ್ಬರೂ ಕೇಳಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕನ್ನಡನಾಡು ಒಂದಾದ ಮರುವರ್ಷ ಅದು, ನನಗೆ ಹದಿನೈದು. ಅಣ್ಣ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ, ಶನಿವಾರ ಒಂಟಿಕೊಪ್ಪಲಿನ ನಮ್ಮ ಬೀದಿಯ ಭಜನೆಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಮುಚ್ಚಿಹೋದ ನಾಟಕ ಕಂಪನಿಯೊಂದರಿಂದ ತಂದ ಹಳೇ ಪೆಟ್ಟಿಗೆ. ಭಾನುವಾರ ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಲಿಸುತ್ತಿದ್ದ. ಅದು ಕಣ್ಣಿಗೆ ಬಿದ್ದ ದಿನ ದೊಡ್ಡಪ್ಪ ಸೂರು ಹಾರಿಹೋಗುವಂತೆ ಕೂಗಾಡಿದ್ದರು. "ಹೆಣ್ಮಗಿಗೆ ಪೆಟ್ಗೆ ಯಾಕ್ಲಾ? ನಾಟಕದೋಳ್ನ ಮಾಡ್ಬೇಕಾ ಇವ್ಳನ್ನ?" ಅಪ್ಪ ಇಲ್ಲದ ಮನೆಗೆ ಕಡಕೊಳದಿಂದ ಬಂದುಹೋಗುವ ದೊಡ್ಡಪ್ಪನೇ ಯಜಮಾನರು, ಅವ್ವನ ಬಾಯಿಗೆ ಬೀಗ.

ಎಡೆಯ ದಿನ ನಾನು ಕೇಳಿದ್ದು ಒಂದೇ. "ದೊಡ್ಡಪ್ಪ, ಅಣ್ಣಂಗೆ ಪೆಟ್ಗೆ ಅಂದ್ರೆ ಪ್ರಾಣ. ಅವ್ನ ಭಜನೆ ಧಾಟಿ ಒಂದೇ ಒಂದು ಬಾರಿಸ್ತೀನಿ."

"ಸತ್ತ ಮನೇಲಿ ವಾಲಗ ಊದಿಸ್ಬೇಕಾ ನಿಂಗೆ? ಪೆಟ್ಗೆ ತಾನೆ, ಎಡೆಗಿಟ್ರಾಯ್ತು ಬುಡು," ಎಂದವರೇ ಅದನ್ನು ಎತ್ತಿ ತಂದು, ಮುಚ್ಚಳವನ್ನೂ ತೆಗೆಯದೆ ವಡೆ, ಕೋಳಿಸಾರಿನ ಪಕ್ಕ ಇಟ್ಟು ವಿಭೂತಿ ಬಳಿದರು. ಮುಚ್ಚಿದ ಪೆಟ್ಟಿಗೆಯನ್ನು ಅಣ್ಣ ಬಂದು ಏನು ಮಾಡಬೇಕು, ನೆಕ್ಕಬೇಕೆ?

ಎಲ್ಲರೂ ಹೊರಗೆ ಹೊರಟಾಗ ನಾನು ರಾಗಿ ಮೂಟೆಗಳ ಹಿಂದೆ ಕುಳಿತುಬಿಟ್ಟೆ. ಬಾಗಿಲು ಮುಚ್ಚಿದ ಮೇಲೆ ಎದ್ದು ಬಂದು, ಮುಚ್ಚಳ ತೆಗೆದು, ತಿದಿ ಒತ್ತಿ, ಅಣ್ಣ ಶನಿವಾರ ಮೊದಲು ನುಡಿಸುತ್ತಿದ್ದ ಧಾಟಿ ಹಿಡಿದೆ. ಎರಡನೇ ಸಾಲಿನ ಕೊನೆಯಲ್ಲಿ ಅವನು ಬೆರಳು ಜಾರಿಸಿ ಒಂದು ಸ್ವರ ಹೆಚ್ಚಿಗೆ ಸೇರಿಸುತ್ತಿದ್ದ. ನನಗೆ ಬೇರೆ ಥರ ಬರುತ್ತಲೂ ಇರಲಿಲ್ಲ. ದೊಡ್ಡಪ್ಪನಿಗೆ ಕೇಳಲಿ ಎಂದೇ ಜೋರಾಗಿ ನುಡಿಸಿದೆ. ಅಳುತ್ತಿದ್ದೆ, ಸಿಟ್ಟಿಗೋ ಸಂಕಟಕ್ಕೋ ಗೊತ್ತಿಲ್ಲ.

ಹೊರಗೆ ಮಾತು ನಿಂತಿತು. ಆಮೇಲೆ ಅವ್ವನ ಕೂಗು. "ಬಂದ ಕಣ್ರಪ್ಪೋ! ನನ್ ಮಗ ಬಂದವ್ನೆ! ಬಾಗ್ಲು ತಗೀಬ್ಯಾಡಿ, ಬಾರ್ಸಕ್ ಬುಡಿ ಅವ್ನ!"

ನನ್ನ ಬೆರಳು ಅಲ್ಲಿಗೇ ನಿಂತವು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ದೊಡ್ಡಪ್ಪ ಬಾಗಿಲು ತಳ್ಳಿಕೊಂಡು ನುಗ್ಗಿ ನನ್ನ ಜಡೆಗೆ ಕೈ ಹಾಕಿದರು. "ಎಡೆ ಕೆಡಿಸ್ಬುಟ್ಲಲ್ಲಾ ಮುಂಡೇದು!" ಬೆನ್ನಿಗೆ ಎರಡು ಬಿದ್ದವು. ಅವ್ವ ಅವರ ಹಿಂದೆ ನಿಂತಿದ್ದಳು. "ನೀನಾ?" ಎಂದಳು. ಅಷ್ಟೇ. ನಾನೂ ಅವಳು ಹೆತ್ತ ಮಗಳೇ ಅಲ್ಲವೆ? ಅಷ್ಟು ಚೆನ್ನಾಗಿ ನುಡಿಸಿದ್ದು ನಾನಲ್ಲವೆ? ಅವಳ ಮುಖ ಇಳಿದುಹೋದದ್ದನ್ನು ಕಂಡು ನನಗೆ ಏಟಿಗಿಂತ ಹೆಚ್ಚು ಉರಿಯಿತು.

ಮಾರನೆಯ ದಿನ ನೆಂಟರ ಜೊತೆ ದೊಡ್ಡಪ್ಪನೂ ಊರಿಗೆ ಹೊರಟರು. ಅವ್ವ ಸೆರಗಿನಿಂದ ಪೆಟ್ಟಿಗೆಯ ವಿಭೂತಿ ಒರೆಸಿ ನನ್ನ ಮುಂದೆ ತಂದಿಟ್ಟಳು.

"ನೆನ್ನೇದು ಬಾರ್ಸವ್ವ," ಎಂದಳು. ನಾನು ಮುಚ್ಚಳ ತೆಗೆಯುವಷ್ಟರಲ್ಲಿ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತಳು.

"ಬಾಗ್ಲು ಹಾಕ್ಕೊಂಡು ಬಾರ್ಸು."